ಬೆಲ್ಲ, ಸುಣ್ಣ, ಸೀಸ

ಆಟೋದವನು ಸೀಟಿನ ಮೇಲೆ ಇಡಗೊಡಲಿಲ್ಲವಂತೆ.
ಹಳೇ ಜೀಟರಿನ ಟ್ಯಾಂಕನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಳು
ಸಣ್ಣತಾಯಮ್ಮ, ಕೆನ್ನಾಳಿನವಳು.
ಸೀರೆಯಲ್ಲಿ ಅಂಗೈಯಗಲ ಡೀಸೆಲ್.
"ಒಂದೇ ತೂತು ಕಣಪ್ಪ, ಬೆಸ್ದು ಕೊಡು.
ನಾಲೇಲಿ ನೀರು ಬುಟ್ಟವ್ರೆ, ನಾಳೀಕೆ ಕೆಸರು ಹೊಡೀಬೇಕು."

ಪಾಂಡವಪುರದ ಸ್ಟೇಷನ್ ರಸ್ತೆಯಲ್ಲಿ
ನನ್ನದು ಎಂಟಡಿ ಅಂಗಡಿ.
ಗೋಡೆಗೆ ನೇತುಹಾಕಿದ ಒಡಕು ರೇಡಿಯೇಟರೇ ಬೋರ್ಡು.

ಮೊದಲು ಮೂಸಬೇಕು.
ಗೌಸ್‌ಪೀರ್ ಸಾಬರು ಕಲಿಸಿದ್ದು ಇಷ್ಟೇ:
ತುಂಬಿದ ಟ್ಯಾಂಕಿಗೆ ಹೆದರಬೇಡ, ಬರಿದಾದದ್ದಕ್ಕೆ ಹೆದರು.
ಒಳಗೆ ಏನೂ ಇಲ್ಲ ಅನ್ನಿಸುತ್ತಲ್ಲ,
ಉರಿಯುವುದು ಅದೇ.
ಅವರಿಗೆ ಎಡಹುಬ್ಬು ಇರಲಿಲ್ಲ.
ಪಾಠ ಹೇಳುವಾಗ ಒಮ್ಮೆ ಅಲ್ಲಿ ಸವರಿಕೊಳ್ಳುತ್ತಿದ್ದರು,
ಪುಟ ಮಡಿಸಿಟ್ಟ ಜಾಗ ಹುಡುಕುವವರ ಹಾಗೆ.

ಬಿಸಿನೀರು, ಸೋಡಾ. ಕುಲುಕು, ಚೆಲ್ಲು.
ಮತ್ತೆ ಬಿಸಿನೀರು.
ಮೂರನೆಯ ಸಲ ಕಂದು ಬಂತು, ತುಕ್ಕೆಂದುಕೊಂಡೆ.
ಬೆರಳಿಗೆ ಅಂಟಿತು.
ಒಂದು ನೊಣ ಬಂದು ಕೂತಿತು. ಇನ್ನೊಂದು.
ಮೂವತ್ತು ವರ್ಷದಲ್ಲಿ ಡೀಸೆಲ್ ಟ್ಯಾಂಕಿಗೆ
ನೊಣ ಮುತ್ತಿದ್ದು ನಾನು ಕಂಡಿಲ್ಲ.

ಟಾರ್ಚನ್ನು ದಾರಕ್ಕೆ ಕಟ್ಟಿ ಒಳಗಿಳಿಸಿ
ಷಟರ್ ಎಳೆದೆ.
ಕತ್ತಲಲ್ಲಿ ತಗಡಿನ ಹೊಟ್ಟೆ ತೋರಿಸಿತು:
ತಳದಲ್ಲೊಂದು. ಅದರ ಬದಿಗೆ ಎರಡು.
ಕಬ್ಬಿಣದ ಪಟ್ಟಿ ತಿಕ್ಕಿ ತಿಕ್ಕಿ ಸವೆದ ಕಡೆ
ಸಾಲಾಗಿ ನಾಲ್ಕು. ಹೊಲಿಗೆಯ ಮೂಲೆಗೆ ಇನ್ನೆರಡು.

"ಒಂಬತ್ತಿದೆ, ಅವ್ವ."
"ಒಂಬತ್ತಾ?" ನಕ್ಕಳು, ಮುಖ ಕಾಣಲಿಲ್ಲ.
"ಮನ್ಸರ್ಗಿರೋವಷ್ಟೇಯ ಬುಡು."

ಆಮೇಲೆ ಹೇಳಿದಳು.
ತೊಟ್ಟಿಕ್ಕಿದಾಗೆಲ್ಲ ಬೆಲ್ಲಕ್ಕೆ ಸುಣ್ಣ ಹಾಕಿ ನಾದಿ
ಹೆಬ್ಬೆರಳಲ್ಲಿ ಒತ್ತಿ, ಒಣಗಿದ ಮೇಲೆ ಬಣ್ಣ ಬಳಿದು
ಹನ್ನೊಂದು ವರ್ಷ ಉತ್ತಳಂತೆ.
"ಡೀಸಲ್ಗೆ ಬೆಲ್ಲ ಕರಗಾಕಿಲ್ಲ ಕಣಪ್ಪ.
ನೀರು ಉಯ್ದೋನು ನೀನು."

ನೀರು ಹುಯ್ದವನು ನಾನು.
ಜೀವ ಉಳಿಯಲೆಂದು ಕಲಿತ ವಿದ್ಯೆ
ಅವಳ ಎಂಟು ತೇಪೆಗಳನ್ನು ಕದಡಿ
ಮೋರಿಗೆ ಪಾನಕ ಮಾಡಿತ್ತು.

ತೂತು ಮೇಲಾಗಿ ತಿರುಗಿಸಿ, ಎರಡು ಬೆರಳು ಬಿಟ್ಟು ನೀರು ತುಂಬಿ,
ಅರದಲ್ಲಿ ಬೆಳ್ಳಗೆ ಉಜ್ಜಿ, ನವಸಾಗರ ಮುಟ್ಟಿಸಿ
ಸೀಸ ಹರಿಸಿದೆ.
ಹನಿ ನಡುಗಿತು, ಹೊಳೆಯಿತು, ಮಬ್ಬಾಗಿ ಕೂತಿತು.
ಹೀಗೆ ಎಂಟು.
ಒಂಬತ್ತನೆಯದು ಹೊಲಿಗೆಯ ತೀರಾ ತುದಿ.
ಅಲ್ಲಿ ತಗಡು ಈರುಳ್ಳಿ ಸಿಪ್ಪೆ.
ಕಾವು ತಾಗಿದರೆ ಸಾಸಿವೆ ಕಡಲೆಯಾಗುತ್ತದೆ.
ಬೇರೆ ಟ್ಯಾಂಕ್ ಎಲ್ಲೂ ಸಿಗದೆಂದು
ಅವಳಿಗೂ ಗೊತ್ತು, ನನಗೂ.
ಸುಮ್ಮನೆ ಕೂತೆವು. ಮೈಸೂರಿನ ಪ್ಯಾಸೆಂಜರ್ ಹೋಯಿತು.

ಎದ್ದು ಪಕ್ಕದ ಬೀಡಾ ಅಂಗಡಿಯಿಂದ
ಎಲೆಯ ಮೇಲೆ ಸುಣ್ಣ ತಂದೆ.
ಬೆಲ್ಲ ಕೇಳಬೇಕಾಗಲಿಲ್ಲ. ಕೈಚೀಲದಲ್ಲಿತ್ತು,
ಕಾಗದ ಸುತ್ತಿದ ಅರ್ಧ ಅಚ್ಚು.
ಬೆಳಿಗ್ಗೆ ಮನೆ ಬಿಡುವಾಗಲೇ ಹಾಕಿಕೊಂಡದ್ದು.

ನಾದಿದವಳು ಅವಳು, ಟ್ಯಾಂಕ್ ಹಿಡಿದವನು ನಾನು.
ಸಾಬರಿದ್ದಿದ್ದರೆ ಇಲ್ಲದ ಹುಬ್ಬು ಏರಿಸುತ್ತಿದ್ದರು.

"ಮಳೇಲಿ ನಿಲ್ಲಿಸಬೇಡಿ ಗಾಡಿ."
"ನೆಂದ್ರೆ ಇನ್ನೊಂದಪ ನಾದ್ತೀನಿ."

ಎಂಟಕ್ಕೆ ಮಾತ್ರ ದುಡ್ಡು ತಗೊಂಡೆ.
ಮಿಕ್ಕ ಬೆಲ್ಲ ಮುರಿದು ಕೈಗಿಟ್ಟಳು.
ಡೀಸೆಲ್ ನಾತ ಹೊಡೆಯುತ್ತಿತ್ತು, ತಿಂದೆ.

ಮಾರನೆಯ ಬೆಳಿಗ್ಗೆ ಷಟರ್ ಎತ್ತಿದರೆ
ಮೋರಿಯಂಚಿನಿಂದ ಅಂಗಡಿಯ ಒಳಗೆ,
ಸೀಸದ ಬಟ್ಟಲು ಬಳಸಿ, ಅರದ ಮೇಲೆ ಹತ್ತಿ ಇಳಿದು
ಇರುವೆ ಸಾಲು.
ಗುಡಿಸಲಿಲ್ಲ. ಪೊರಕೆ ಹಿಡಿದು
ಎಲ್ಲಿಗೆ ಹೋಗುತ್ತವೋ ನೋಡುತ್ತ ನಿಂತೆ.